ಹಳೆಯ ಲೆನ್ಸು, ಹೊಸ ಕ್ಯಾಮೆರಾ: ಓದುಗರ ಪ್ರಶ್ನೆಗಳಿಗೆ ಉತ್ತರ

ಛಾಯಾಗ್ರಹಣದ ಈ ಅಂಕಣಕ್ಕೆ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಮನೆಯ ಬೀರುಗಳಲ್ಲಿ, ಮುಚ್ಚಿಹೋದ ಸ್ಟುಡಿಯೋಗಳ ಕಪಾಟುಗಳಲ್ಲಿ ಉಳಿದುಕೊಂಡಿರುವ, ಕೈಯಿಂದಲೇ ರಿಂಗು ತಿರುಗಿಸಿ ಫೋಕಸ್ ಮಾಡಬೇಕಾದ ಹಳೆಯ ಲೆನ್ಸುಗಳನ್ನು ಇಂದಿನ ಡಿಜಿಟಲ್ ಕ್ಯಾಮೆರಾಗಳಿಗೆ ಜೋಡಿಸುವುದು ಹೇಗೆ, ಜೋಡಿಸಿದರೆ ಸಿಗುವ ಸುಖವಾದರೂ ಏನು ಎಂಬುದೇ ಆ ವಿಷಯ. ಮೈಸೂರು ಮತ್ತು ಮಂಡ್ಯದ ಕಡೆಯಿಂದ ಬಂದ ಪತ್ರಗಳನ್ನು ಮಾತ್ರ ಇಲ್ಲಿ ಆರಿಸಿಕೊಂಡಿದ್ದೇನೆ. ಇಲ್ಲಿನ ಬೆಳಕು, ಮಳೆಗಾಲ, ಜಾಗಗಳು ನನಗೂ ಪರಿಚಿತವಾದುದರಿಂದ ಉತ್ತರಗಳನ್ನು ನಿರ್ದಿಷ್ಟವಾಗಿ ಕೊಡಬಹುದು.

ಪ್ರಶ್ನೆ: ನಮ್ಮ ತಂದೆಯವರು ಸ್ಟುಡಿಯೋ ನಡೆಸುತ್ತಿದ್ದರು. ಅವರ ಕಪಾಟಿನಲ್ಲಿ ಒಂದು ಜೆನಿಟ್ ಕ್ಯಾಮೆರಾ, ಅದಕ್ಕೆ ಹಾಕಿದ್ದ ಹೀಲಿಯೋಸ್ 44-2 ಲೆನ್ಸು ಮತ್ತು ಬಿಡಿಯಾಗಿ ಒಂದು ಸೂಪರ್ ಟಾಕುಮಾರ್ 50 ಮಿ.ಮೀ. ಲೆನ್ಸು ಸಿಕ್ಕಿವೆ. ನನ್ನಲ್ಲಿರುವುದು ಸೋನಿ ಮಿರರ್‌ಲೆಸ್ ಕ್ಯಾಮೆರಾ. ಈ ಲೆನ್ಸುಗಳನ್ನು ಅದಕ್ಕೆ ಹಾಕಬಹುದೇ? ಹಾಕಿದರೆ ಕ್ಯಾಮೆರಾ ಕೆಡುವುದಿಲ್ಲವೇ?
— ಸರಸ್ವತಿಪುರಂ, ಮೈಸೂರು

ಉತ್ತರ: ಎರಡನ್ನೂ ನಿಶ್ಚಿಂತೆಯಿಂದ ಹಾಕಬಹುದು, ಕ್ಯಾಮೆರಾಕ್ಕೆ ಯಾವ ಅಪಾಯವೂ ಇಲ್ಲ. ಎರಡೂ ಎಂ42 ಎಂಬ ಒಂದೇ ಮೌಂಟಿನವು; ಮೌಂಟ್ ಎಂದರೆ ಲೆನ್ಸು ಕ್ಯಾಮೆರಾಕ್ಕೆ ಕೂರುವ ಜೋಡಣೆ. ಹಿಂಭಾಗದಲ್ಲಿ 42 ಮಿ.ಮೀ. ವ್ಯಾಸದ, 1 ಮಿ.ಮೀ. ಅಂತರದ ಮರೆ, ಅಂದರೆ ಸ್ಕ್ರೂವಿನ ಸುರುಳಿ ಗೆರೆ, ಇರುತ್ತದೆ. ಅದನ್ನು ಸ್ಕ್ರೂವಿನಂತೆ ತಿರುಗಿಸಿ ಕೂರಿಸಬೇಕು. 1949ರ ಸುಮಾರಿಗೆ ಪೂರ್ವ ಜರ್ಮನಿಯ ಡ್ರೆಸ್ಡನ್‌ನಲ್ಲಿ ಕಾಂಟ್ಯಾಕ್ಸ್ ಎಸ್ ಕ್ಯಾಮೆರಾದೊಂದಿಗೆ ಬಳಕೆಗೆ ಬಂದ ಈ ಮೌಂಟನ್ನು ಪ್ರಾಕ್ಟಿಕಾ, ಜೆನಿಟ್, ಪೆಂಟ್ಯಾಕ್ಸ್ ಮೊದಲಾದ ಹಲವು ಕ್ಯಾಮೆರಾಗಳು ದಶಕಗಳ ಕಾಲ ಬಳಸಿದವು. ಆದ್ದರಿಂದಲೇ ಇಂದಿಗೂ ಅತಿ ಹೆಚ್ಚು ಬಗೆಯ ಹಳೆಯ ಲೆನ್ಸುಗಳು ಈ ಮೌಂಟಿನಲ್ಲಿ ಸಿಗುತ್ತವೆ.

ಮಿರರ್‌ಲೆಸ್ ಕ್ಯಾಮೆರಾದಲ್ಲಿ ಇದು ಸುಲಭವಾಗುವುದಕ್ಕೆ ಕಾರಣವಿದೆ. ಲೆನ್ಸು ಕೂರುವ ಲೋಹದ ಬಳೆಯಿಂದ ಫಿಲ್ಮು ಅಥವಾ ಸೆನ್ಸರ್‌ವರೆಗಿನ ದೂರ ಪ್ರತಿಯೊಂದು ಮೌಂಟಿಗೂ ನಿಗದಿಯಾಗಿರುತ್ತದೆ. ಎಂ42 ಮೌಂಟಿನಲ್ಲಿ ಅದು 45.46 ಮಿ.ಮೀ.; ಕನ್ನಡಿ ಎದ್ದು ಬೀಳುವುದಕ್ಕೆ ಅಷ್ಟು ಜಾಗ ಬೇಕಿತ್ತು. ಕನ್ನಡಿಯೇ ಇಲ್ಲದ ನಿಮ್ಮ ಸೋನಿ ಕ್ಯಾಮೆರಾದಲ್ಲಿ ಅದು ಬರೀ 18 ಮಿ.ಮೀ. ಉಳಿದ 27.46 ಮಿ.ಮೀ. ದೂರವನ್ನು ತುಂಬುವ ಲೋಹದ ಕೊಳವೆಯೇ ಅಡಾಪ್ಟರ್. ಅದರೊಳಗೆ ಗಾಜಿರುವುದಿಲ್ಲ, ಇರಲೂಬಾರದು. ಗಾಜಿಲ್ಲದ, ಮರೆ ಸಲೀಸಾಗಿ ಕೂರುವ ಸಾಧಾರಣ ಅಡಾಪ್ಟರೊಂದನ್ನು ಕೊಂಡರೆ ಸಾಕು, ದುಬಾರಿಯದರ ಅಗತ್ಯವಿಲ್ಲ. ಒಂದು ಎಚ್ಚರಿಕೆ: ಟಿ-ಮೌಂಟ್ ಎಂಬ ಇನ್ನೊಂದು ಬಗೆಯೂ 42 ಮಿ.ಮೀ. ವ್ಯಾಸದ್ದೇ, ಆದರೆ ಅದರ ಮರೆಯ ಅಂತರ 0.75 ಮಿ.ಮೀ. ಒಂದೆರಡು ಸುತ್ತಿಗೇ ಬಿಗಿಯಾದರೆ ಬಲವಂತ ಮಾಡದೆ ಬಿಚ್ಚಿಬಿಡಿ.

ಜೋಡಿಸಿದ ಮೇಲೆ ಕ್ಯಾಮೆರಾಕ್ಕೆ ಅಲ್ಲಿ ಲೆನ್ಸೊಂದಿದೆ ಎಂಬುದೇ ತಿಳಿಯುವುದಿಲ್ಲ, ಏಕೆಂದರೆ ಹಳೆಯ ಲೆನ್ಸಿನಲ್ಲಿ ವಿದ್ಯುತ್ ಸಂಪರ್ಕಗಳಿಲ್ಲ. ಆದ್ದರಿಂದ ಮೆನುವಿನಲ್ಲಿ ಲೆನ್ಸ್ ಇಲ್ಲದಿದ್ದರೂ ಶಟರ್ ಬಿಡುಗಡೆಯಾಗಲು ಅನುಮತಿ ಕೊಡುವ ಆಯ್ಕೆಯನ್ನು ಹುಡುಕಿ ಆನ್ ಮಾಡಿ. ಬಾಡಿಯೊಳಗೇ ಅಲುಗಾಟ ತಡೆಯುವ ವ್ಯವಸ್ಥೆಯಿದ್ದರೆ ಫೋಕಲ್ ಲೆಂಗ್ತನ್ನು (ಲೆನ್ಸಿನ ಮಿ.ಮೀ. ಸಂಖ್ಯೆಯನ್ನು) ನೀವೇ ನಮೂದಿಸಬೇಕು: ಹೀಲಿಯೋಸಿಗೆ 58 (ಇಲ್ಲದಿದ್ದರೆ ಹತ್ತಿರದ ಸಂಖ್ಯೆ), ಟಾಕುಮಾರಿಗೆ 50. ಬೆಳಕಿನ ಅಳತೆಯನ್ನು ಕ್ಯಾಮೆರಾ ತಾನೇ ಮಾಡಿಕೊಳ್ಳುತ್ತದೆ. ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಎಷ್ಟು ತೆರೆಯಬೇಕೆಂದು ನೀವೇ ನಿರ್ಧರಿಸುವ ಅಪರ್ಚರ್ ಪ್ರಿಯಾರಿಟಿಯಲ್ಲಿಟ್ಟು ಲೆನ್ಸಿನ ರಿಂಗನ್ನು ತಿರುಗಿಸಿದರೆ ಶಟರ್ ವೇಗ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಆದರೆ ಯಾವ ಅಪರ್ಚರಿನಲ್ಲಿ ತೆಗೆದಿರಿ ಎಂಬುದು ಚಿತ್ರದ ಕಡತದಲ್ಲಿ ದಾಖಲಾಗುವುದಿಲ್ಲ; ಕಲಿಯುವ ದಿನಗಳಲ್ಲಿ ಒಂದು ಸಣ್ಣ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದು ಬಹಳ ಉಪಯುಕ್ತ.

ಹೀಲಿಯೋಸ್ 44-2ರ ಮುಂಭಾಗದಲ್ಲಿ ಎರಡು ರಿಂಗುಗಳಿರುವುದನ್ನು ನೀವು ಗಮನಿಸಿರಬಹುದು. ಒಂದನ್ನು ತಿರುಗಿಸಿದರೆ ಟಿಕ್ ಟಿಕ್ ಎಂದು ಅಂಕಿಯಿಂದ ಅಂಕಿಗೆ ಕೂರುತ್ತದೆ, ಇನ್ನೊಂದು ಸದ್ದಿಲ್ಲದೆ ಜಾರುತ್ತದೆ. ಮೊದಲನೆಯದರಲ್ಲಿ, ಉದಾಹರಣೆಗೆ, ಎಫ್ 5.6 (ಎಫ್ ಸಂಖ್ಯೆ ಸಣ್ಣದಾದಷ್ಟೂ ಅಪರ್ಚರ್ ದೊಡ್ಡದು) ಎಂದು ನಿಗದಿ ಮಾಡಿಕೊಂಡು, ಎರಡನೆಯದನ್ನು ಪೂರ್ತಿ ತೆರೆದು ಎಫ್ 2ರ ಹೊಳೆಯುವ ಬೆಳಕಿನಲ್ಲಿ ಫೋಕಸ್ ಮಾಡಿ, ಕಣ್ಣು ತೆಗೆಯದೆಯೇ ಬೆರಳಿನಿಂದ ಆ ರಿಂಗನ್ನು ಕೊನೆಯವರೆಗೆ ತಳ್ಳಿದರೆ ಅಪರ್ಚರ್ ತಾನಾಗಿ 5.6ಕ್ಕೆ ಬಂದು ನಿಲ್ಲುತ್ತದೆ. ಈ ಏರ್ಪಾಡು ಡಿಜಿಟಲ್ ಕ್ಯಾಮೆರಾದಲ್ಲಿ ಇಂದಿಗೂ ಅತ್ಯಂತ ಅನುಕೂಲಕರ. ಟಾಕುಮಾರಿನಲ್ಲಿ ಮೌಂಟಿನ ಬಳಿ ಆಟೋ ಮತ್ತು ಮ್ಯಾನ್ಯುವಲ್ ಎಂದು ಸೂಚಿಸುವ ಪುಟ್ಟ ಗುಂಡಿಯಿದೆ. ಅದನ್ನು ಮ್ಯಾನ್ಯುವಲ್‌ಗೆ ಸರಿಸದಿದ್ದರೆ ಎಷ್ಟು ತಿರುಗಿಸಿದರೂ ಅಪರ್ಚರ್ ಮುಚ್ಚದೆ ಇರಬಹುದು.

ಹೀಲಿಯೋಸ್, ಜರ್ಮನಿಯ ಕಾರ್ಲ್ ಜೈಸ್ ಸಂಸ್ಥೆ ಎರಡನೆಯ ಮಹಾಯುದ್ಧಕ್ಕೆ ಮುಂಚೆ ಹೊರತಂದ ಬಯೋಟಾರ್ 58 ಮಿ.ಮೀ. ಎಫ್ 2 ಲೆನ್ಸಿನ ವಿನ್ಯಾಸವನ್ನು ಆಧರಿಸಿ ಸೋವಿಯತ್ ಒಕ್ಕೂಟದಲ್ಲಿ ಬಹು ದೊಡ್ಡ ಸಂಖ್ಯೆಯಲ್ಲಿ ತಯಾರಾದ ಲೆನ್ಸು. ಅದರ ಸರಣಿ ಸಂಖ್ಯೆಯ ಮೊದಲ ಎರಡು ಅಂಕಿಗಳು ಸಾಮಾನ್ಯವಾಗಿ ತಯಾರಾದ ವರ್ಷವನ್ನು ಸೂಚಿಸುತ್ತವೆ. ನಿಮ್ಮ ತಂದೆಯವರ ಲೆನ್ಸು ಯಾವ ವರ್ಷದ್ದೆಂದು ನೀವೇ ಓದಿಕೊಳ್ಳಬಹುದು.

ಪ್ರಶ್ನೆ: ನನ್ನದು ನಿಕಾನ್ ಡಿ5600. ಎಂ42 ಲೆನ್ಸುಗಳು ಇದಕ್ಕೆ ಹೊಂದುತ್ತವೆಯೇ? ನಿಕಾನಿನದೇ ಹಳೆಯ ಲೆನ್ಸುಗಳಾದರೆ?
— ಮದ್ದೂರು

ಉತ್ತರ: ಎಂ42 ನಿಮಗೆ ಬೇಡ. ನಿಕಾನ್ ಎಫ್ ಮೌಂಟಿನ ದೂರ 46.5 ಮಿ.ಮೀ.; ಎಂ42ಕ್ಕಿಂತ ಒಂದು ಮಿ.ಮೀ.ಗೂ ತುಸು ಹೆಚ್ಚು. ಅಡಾಪ್ಟರ್ ಹಾಕಿದರೆ ಲೆನ್ಸು ಇರಬೇಕಾದ ಜಾಗಕ್ಕಿಂತ ಮುಂದೆ ಹೋಗಿ, ಕೆಲವು ಅಡಿಗಳಾಚೆಗಿನದ್ದು ಯಾವುದೂ ಸ್ಪಷ್ಟವಾಗುವುದಿಲ್ಲ. ಗಾಜು ಸೇರಿಸಿದ ಅಡಾಪ್ಟರುಗಳು ಆ ದೋಷವನ್ನು ಸರಿಪಡಿಸುತ್ತವೆ ಎನ್ನುತ್ತಾರೆ, ಆದರೆ ಅಗ್ಗದ ಗಾಜಿನ ತುಂಡೊಂದು ನಡುವೆ ಬಂದು ಒಳ್ಳೆಯ ಲೆನ್ಸನ್ನು ಹಾಳುಗೆಡವುವುದನ್ನು ನಾನು ಒಪ್ಪಲಾರೆ.

ನಿಕಾನಿನ ಹಳೆಯ ಲೆನ್ಸುಗಳು ಯಾವ ಅಡಾಪ್ಟರೂ ಇಲ್ಲದೆ ಕೂರುತ್ತವೆ. 1959ರಿಂದ ಈ ಮೌಂಟಿನ ಮೂಲ ಆಕಾರ ಬದಲಾಗಿಲ್ಲ. ಡಿ5600ರಲ್ಲಿ ಬೆಳಕಿನ ಅಳತೆ ಸಿಗುವುದಿಲ್ಲವಾದ್ದರಿಂದ ಎಂ (ಮ್ಯಾನ್ಯುವಲ್) ಮೋಡಿನಲ್ಲಿಟ್ಟು, ಒಂದು ಚಿತ್ರ ತೆಗೆದು ಅದರ ಬೆಳಕು-ನೆರಳಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಂ ನೋಡಿ ಸರಿಪಡಿಸಿಕೊಳ್ಳಬೇಕು. ವ್ಯೂಫೈಂಡರಿನ ಕೆಳಗಿನ ಮೂಲೆಯಲ್ಲಿ ಫೋಕಸ್ ಸೂಚಿಸುವ ಚುಕ್ಕೆ ಮಾತ್ರ ಹಳೆಯ ಲೆನ್ಸಿನಲ್ಲೂ ಕೆಲಸ ಮಾಡುತ್ತದೆ. ಡಿ7200, ಡಿ750ರಂಥ ಕ್ಯಾಮೆರಾ ಇರುವವರು ಒಂದು ವಿಷಯದಲ್ಲಿ ಜಾಗ್ರತೆ ವಹಿಸಬೇಕು. 1977ರಲ್ಲಿ ಎಐ (ಲೆನ್ಸಿನ ಅಪರ್ಚರನ್ನು ಕ್ಯಾಮೆರಾಕ್ಕೆ ತಾನಾಗಿ ತಿಳಿಸುವ ಆಟೋಮ್ಯಾಟಿಕ್ ಇಂಡೆಕ್ಸಿಂಗ್) ಪದ್ಧತಿ ಬರುವ ಮುಂಚಿನ ಲೆನ್ಸುಗಳನ್ನು ಅವುಗಳಿಗೆ ತುರುಕಿದರೆ ಮೌಂಟಿನ ಅಂಚಿನಲ್ಲಿರುವ ಸಣ್ಣ ಸನ್ನೆಕೋಲು ಬಗ್ಗಿಹೋಗಬಹುದು. ಅಪರ್ಚರ್ ರಿಂಗಿನ ಮೇಲೆ ಅಂಕಿಗಳ ಎರಡು ಸಾಲುಗಳಿದ್ದರೆ, ಅಂದರೆ ದೊಡ್ಡ ಅಂಕಿಗಳ ಪಕ್ಕದಲ್ಲಿ ಅವೇ ಅಂಕಿಗಳು ಸಣ್ಣದಾಗಿಯೂ ಇದ್ದರೆ, ಅದು ಎಐ ಲೆನ್ಸು, ಭಯವಿಲ್ಲ.

ಪ್ರಶ್ನೆ: ಇಂದಿನ ಕ್ಯಾಮೆರಾಗಳು ಕಣ್ಣನ್ನೇ ಗುರುತಿಸಿ ಕ್ಷಣಾರ್ಧದಲ್ಲಿ ಫೋಕಸ್ ಮಾಡುತ್ತವೆ. ಹೀಗಿರುವಾಗ ಕೈಯಿಂದ ರಿಂಗು ತಿರುಗಿಸುತ್ತ ಕೂರುವುದರಲ್ಲಿ ಏನು ಲಾಭ? ಇದು ಹಳೆಯದರ ಮೇಲಿನ ಬರಿಯ ಮೋಹವಲ್ಲವೇ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಮಂಡ್ಯ

ಉತ್ತರ: ಕೆಲವು ಕೆಲಸಗಳಿಗೆ ಆಟೋಫೋಕಸ್ಸೇ ಸರಿ. ರಂಗನತಿಟ್ಟಿನಲ್ಲಿ ದೋಣಿಯ ಮೇಲೆ ಕುಳಿತು ಹಾರುವ ಹೆಜ್ಜಾರ್ಲೆಯನ್ನು ಹಿಡಿಯಲು, ಕೊಕ್ಕರೆ ಬೆಳ್ಳೂರಿನಲ್ಲಿ ಮರಿಗೆ ಗುಟುಕು ಕೊಡಲು ಇಳಿಯುವ ಬಣ್ಣದ ಕೊಕ್ಕರೆಯನ್ನು ತೆಗೆಯಲು, ಮದುವೆಯ ಧಾರೆಯ ಹೊತ್ತಿಗೆ ಹಳೆಯ ಲೆನ್ಸು ಹಿಡಿದು ಒದ್ದಾಡಿ ಎಂದು ನಾನು ಹೇಳುವುದಿಲ್ಲ. ಎರಡನೆಯ ಅವಕಾಶವಿಲ್ಲದ ಕಡೆ ಯಂತ್ರದ ವೇಗವನ್ನು ಬಳಸಿಕೊಳ್ಳುವುದೇ ಜಾಣತನ.

ಆದರೆ ಆಟೋಫೋಕಸ್ ಒಂದು ನಿರ್ಧಾರವನ್ನು ನಿಮ್ಮ ಕೈಯಿಂದ ತೆಗೆದುಕೊಂಡುಬಿಡುತ್ತದೆ. ಚಿತ್ರದಲ್ಲಿ ಯಾವುದು ಸ್ಪಷ್ಟವಾಗಿರಬೇಕು ಎಂಬುದು ತಾಂತ್ರಿಕ ಪ್ರಶ್ನೆಯೆಂದು ತೋರಿದರೂ ನಿಜವಾಗಿ ಅದು ನೀವು ಏನನ್ನು ನೋಡುತ್ತಿದ್ದೀರಿ ಎಂಬ ಪ್ರಶ್ನೆ. ಮೈಸೂರಿನ ದೇವರಾಜ ಮಾರುಕಟ್ಟೆಯ ಹೂವಿನ ಸಾಲಿಗೆ ಬೆಳಿಗ್ಗೆ ಹೋಗಿ ನಿಲ್ಲಿ. ಹೂವಾಡಗಿತ್ತಿಯೊಬ್ಬರು ಮಲ್ಲಿಗೆ ಮೊಗ್ಗುಗಳನ್ನು ಎರಡೆರಡಾಗಿ ಜೋಡಿಸಿ, ದಾರವನ್ನು ಬೆರಳಿಗೆ ಸುತ್ತಿ ಎಳೆದು ಗಂಟು ಹಾಕುತ್ತಾರೆ; ಕಣ್ಣು ಗಿರಾಕಿಯ ಮೇಲಿದ್ದರೂ ಬೆರಳು ತಪ್ಪುವುದಿಲ್ಲ. ಅವರ ಅನುಮತಿ ಪಡೆದು ಒಂದೂವರೆ ಮೀಟರ್ ದೂರದಲ್ಲಿ ಕುಳಿತು 58 ಮಿ.ಮೀ. ಲೆನ್ಸನ್ನು ಎಫ್ 2ಕ್ಕೆ ತೆರೆದರೆ ಸ್ಪಷ್ಟವಾಗಿ ಕಾಣುವ ಆಳ ಸುಮಾರು 8 ಸೆಂ.ಮೀ. ಮಾತ್ರ. ಬೆರಳುಗಳನ್ನು ಆರಿಸಿಕೊಂಡರೆ ಮುಖ ಮಸುಕಾಗುತ್ತದೆ, ಮುಖವನ್ನು ಆರಿಸಿಕೊಂಡರೆ ಬೆರಳುಗಳು ಕರಗುತ್ತವೆ. ಕಣ್ಣನ್ನು ಗುರುತಿಸುವ ಕ್ಯಾಮೆರಾ ಪ್ರತಿ ಸಲವೂ ಮುಖದ ಕಡೆಗೇ ಓಡುತ್ತದೆ. ಕೈಯಲ್ಲಿ ರಿಂಗಿದ್ದಾಗ ನೀವು ಬೆರಳಿನಿಂದ ಮುಖಕ್ಕೆ, ಮುಖದಿಂದ ಹಿಂದಿನ ಹೂವಿನ ಕುಕ್ಕೆಗೆ ನಿಧಾನವಾಗಿ ಹೋಗಿಬರುತ್ತೀರಿ, ಆ ಹಾದಿಯಲ್ಲಿ ದಾರದ ಎಳೆಯೊಂದು ಥಟ್ಟನೆ ಸ್ಪಷ್ಟವಾಗುವುದನ್ನು ಕಂಡು ಅಲ್ಲಿಯೇ ನಿಲ್ಲಬೇಕೆನಿಸುತ್ತದೆ. ಆ ಚಿತ್ರ ನಿಮಗೆ ಬೇಕೆಂದು ಅದಕ್ಕೆ ಮುಂಚೆ ನಿಮಗೇ ಗೊತ್ತಿರುವುದಿಲ್ಲ. ಈ ಲೆನ್ಸುಗಳಿಂದ ನಾನು ಪಡೆಯುವ ಸಂತೋಷವೆಲ್ಲ ಇಲ್ಲಿಯೇ ಇದೆ.

ಕೈಯ ಅನುಭವವೂ ಬೇರೆಯೇ. ಆಟೋಫೋಕಸ್ ಲೆನ್ಸಿನ ರಿಂಗು ಸಾಮಾನ್ಯವಾಗಿ ಬಲು ಕಡಿಮೆ ತಿರುಗುತ್ತದೆ. ಹಲವಂತೂ ಮೋಟಾರಿಗೆ ಸಂಕೇತ ಕಳಿಸುವ ಸ್ವಿಚ್ಚುಗಳಷ್ಟೇ. ಹಳೆಯ ಲೆನ್ಸಿನಲ್ಲಿ ಗ್ರೀಸು ಹಚ್ಚಿದ ಲೋಹದ ಮರೆಯೊಂದು ಇನ್ನೊಂದರೊಳಗೆ ದೀರ್ಘವಾಗಿ ತಿರುಗಿ ಗಾಜನ್ನು ಮುಂದಕ್ಕೂ ಹಿಂದಕ್ಕೂ ಒಯ್ಯುತ್ತದೆ. ಒಂದೇ ಲೆನ್ಸನ್ನು ಕೆಲವು ತಿಂಗಳು ಬಿಡದೆ ಬಳಸಿದರೆ ಎರಡು ಮೀಟರ್ ಎಂದರೆ ಬೆರಳು ಎಲ್ಲಿರಬೇಕೆಂದು ಕಣ್ಣಿಗಿಂತ ಮೊದಲು ಕೈಗೆ ತಿಳಿಯುತ್ತದೆ.

ಇನ್ನು ಮೋಹದ ಮಾತು. ಆಟೋಫೋಕಸ್ ಎಸ್‌ಎಲ್‌ಆರ್ (ಕನ್ನಡಿಯ ಮೂಲಕ ನೋಡುವ) ಕ್ಯಾಮೆರಾಗಳು ವ್ಯಾಪಕವಾದದ್ದು 1985ರ ಮಿನೋಲ್ಟಾ 7000 ಬಂದ ನಂತರ. ಅದಕ್ಕೂ ಮುಂಚೆ ಪತ್ರಿಕಾ ಛಾಯಾಗ್ರಾಹಕರು ಓಡುವ ಮಕ್ಕಳನ್ನೂ ಕದಲುವ ಗುಂಪುಗಳನ್ನೂ ತೆಗೆದದ್ದು ಕೈಯ ಫೋಕಸ್ಸಿನಲ್ಲಿಯೇ. ಮೈಸೂರಿನಲ್ಲೇ ಹುಟ್ಟಿ ಬೆಳೆದ ಟಿ.ಎಸ್. ಸತ್ಯನ್ (1923–2009) ಅವರ ಚಿತ್ರಗಳನ್ನು ಒಮ್ಮೆ ಗಮನವಿಟ್ಟು ನೋಡಿ. 1977ರಲ್ಲಿ ಪದ್ಮಶ್ರೀ ಪಡೆದ ಅವರು ಸಾಮಾನ್ಯ ಜನರ ದಿನನಿತ್ಯದ ಬದುಕನ್ನು, ವಿಶೇಷವಾಗಿ ಮಕ್ಕಳನ್ನು, ಎಷ್ಟು ಹತ್ತಿರದಿಂದ ಮತ್ತು ಎಷ್ಟು ಗೌರವದಿಂದ ಕಂಡರೆಂಬುದು ತಿಳಿಯುತ್ತದೆ. ಆ ತಲೆಮಾರಿನವರಿಗೆ ದೂರವನ್ನು ಕಣ್ಣಿನಲ್ಲೇ ಅಳೆಯುವುದು ಕಸುಬಿನ ಭಾಗವಾಗಿತ್ತು. ಅದನ್ನು ಕಲಿಯಲು ಬಯಸುವುದು ಮೋಹವಲ್ಲ, ಅಭ್ಯಾಸ.

ಪ್ರಶ್ನೆ: ಹಳೆಯ 50 ಮಿ.ಮೀ. ಲೆನ್ಸು ಹಾಕಿದ ಮೇಲೆ ನನ್ನ ಚಿತ್ರಗಳಲ್ಲಿ ಅರ್ಧಕ್ಕರ್ಧ ಮಸುಕಾಗಿವೆ. ಫೋಕಸ್ ಪೀಕಿಂಗ್ ಆನ್ ಮಾಡಿ, ಬಣ್ಣದ ಅಂಚು ಬಂದ ಮೇಲೆಯೇ ಕ್ಲಿಕ್ಕಿಸುತ್ತೇನೆ. ಎಲ್ಲಿ ತಪ್ಪುತ್ತಿದೆ?
— ಕುವೆಂಪುನಗರ, ಮೈಸೂರು

ಉತ್ತರ: ತಪ್ಪುತ್ತಿರುವುದು ಪೀಕಿಂಗನ್ನು ಪೂರ್ತಿ ನಂಬುವುದರಲ್ಲಿ. ಚಿತ್ರದಲ್ಲಿ ಕಪ್ಪು-ಬಿಳುಪಿನ ವ್ಯತ್ಯಾಸ ತೀವ್ರವಾಗಿರುವ ಅಂಚುಗಳಿಗೆ ಕ್ಯಾಮೆರಾ ಬಣ್ಣ ಹಚ್ಚುತ್ತದೆ, ಅಷ್ಟೇ. ಸ್ಪಷ್ಟವಾದ ಅಂಚಿನಲ್ಲಿ ಆ ವ್ಯತ್ಯಾಸ ಹೆಚ್ಚಿರುತ್ತದೆ ಎಂಬ ಊಹೆಯ ಮೇಲೆ ಅದು ನಿಂತಿದೆ. ಸೋಮನಾಥಪುರದ ಕೇಶವ ದೇವಾಲಯಕ್ಕೆ ಹೋಗಿ ಪರೀಕ್ಷಿಸಿದರೆ ಇದರ ಮಿತಿ ಚೆನ್ನಾಗಿ ಗೊತ್ತಾಗುತ್ತದೆ. 1258ರಲ್ಲಿ ಪ್ರತಿಷ್ಠಾಪನೆಯಾದ ಆ ಗುಡಿಯ ಹೊರಗೋಡೆಯ ಬಳಪದ ಕಲ್ಲಿನಲ್ಲಿ ಆನೆ, ಕುದುರೆ, ಬಳ್ಳಿಗಳ ಪಟ್ಟಿಕೆಗಳು ಒಂದರ ಮೇಲೊಂದು ಇವೆ; ಓರೆ ಬಿಸಿಲು ಬಿದ್ದಾಗ ಪ್ರತಿ ಕೊರೆತಕ್ಕೂ ನೆರಳಿನ ಗೆರೆ ಮೂಡುತ್ತದೆ. ಪೀಕಿಂಗ್ ಹಾಕಿದರೆ ಗೋಡೆಯೆಲ್ಲ ಕೆಂಪಗಾಗಿ, ಮುಂದಿನ ಆನೆಯ ಸೊಂಡಿಲು ಸ್ಪಷ್ಟವಾಗಿದೆಯೋ ಹಿಂದಿನ ಮೂಲೆಯೋ ಎಂದು ಹೇಳಲಾಗದು. ಅದೇ ಗುಡಿಯೊಳಗಿನ ಮಂದ ಬೆಳಕಿನಲ್ಲಿ ಸರಿಯಾಗಿ ಫೋಕಸ್ ಆದಾಗಲೂ ಬಣ್ಣವೇ ಬಾರದೆ ಹೋಗಬಹುದು.

ಆದ್ದರಿಂದ ಪೀಕಿಂಗಿನಿಂದ ಹತ್ತಿರಕ್ಕೆ ಬಂದು, ಅನಂತರ ಚಿತ್ರವನ್ನು ಹಿಗ್ಗಿಸಿ ನೋಡುವ ಗುಂಡಿಯನ್ನು ಒತ್ತಿ ನಿಖರ ಮಾಡಿಕೊಳ್ಳಿ. ಆ ಸೌಲಭ್ಯವನ್ನು ಹೆಬ್ಬೆರಳಿಗೆ ಸಿಗುವ ಗುಂಡಿಗೆ ಹೊಂದಿಸಿಟ್ಟುಕೊಳ್ಳದೆ ಹಳೆಯ ಲೆನ್ಸು ಬಳಸುವುದು ವ್ಯರ್ಥ ಪ್ರಯಾಸ. 50 ಮಿ.ಮೀ. ಲೆನ್ಸನ್ನು ಎಫ್ 1.8ರಲ್ಲಿಟ್ಟು ಒಂದು ಮೀಟರ್ ದೂರದಲ್ಲಿ ಮುಖ ತೆಗೆಯುವಾಗ ಸ್ಪಷ್ಟತೆಯ ಆಳ ಸುಮಾರು 4 ಸೆಂ.ಮೀ. ಇರುತ್ತದೆ. ಫೋಕಸ್ ಮಾಡಿ ಗುಂಡಿ ಒತ್ತುವಷ್ಟರಲ್ಲಿ ನೀವು ಉಸಿರು ಬಿಟ್ಟು ಸ್ವಲ್ಪ ವಾಲಿದರೆ ಅಷ್ಟೂ ಕಳೆದುಹೋಯಿತು. ಅನುಭವಸ್ಥರು ಅಷ್ಟು ಹತ್ತಿರದಲ್ಲಿ ರಿಂಗನ್ನು ಮುಟ್ಟುವುದಿಲ್ಲ. ರಿಂಗನ್ನು ಒಂದು ದೂರಕ್ಕೆ ನಿಲ್ಲಿಸಿ, ಸೊಂಟದಿಂದ ಮೇಲಿನ ದೇಹವನ್ನು ಅರೆಬೆರಳಿನಷ್ಟು ಹಿಂದೆ ಮುಂದೆ ತೂಗುತ್ತ, ರೆಪ್ಪೆ ಸ್ಪಷ್ಟವಾದ ಗಳಿಗೆಯಲ್ಲಿ ಒತ್ತುತ್ತಾರೆ. ಕೆಲವು ಲೆನ್ಸುಗಳಲ್ಲಿ ಅಪರ್ಚರ್ ಕಿರಿದಾದಂತೆ ಫೋಕಸ್ ಬಿಂದುವೂ ತುಸು ಸರಿಯುತ್ತದೆ. ನಿಮ್ಮದರಲ್ಲಿ ಹಾಗಿದ್ದರೆ ಯಾವ ಅಪರ್ಚರಿನಲ್ಲಿ ತೆಗೆಯುತ್ತೀರೋ ಅದರಲ್ಲೇ ಫೋಕಸ್ ಮಾಡಿ.

ಮಸುಕಿಗೆಲ್ಲ ಫೋಕಸ್ಸೇ ಕಾರಣವಲ್ಲ, ಕೈ ನಡುಗಿದ್ದೂ ಇರಬಹುದು. ಬಾಡಿಯಲ್ಲಿ ಅಲುಗಾಟ ತಡೆಯುವ ವ್ಯವಸ್ಥೆ ಇಲ್ಲವಾದರೆ ಶಟರ್ ವೇಗವನ್ನು 1/125ಕ್ಕಿಂತ ಕೆಳಗಿಳಿಸಬೇಡಿ, ಬೇಕಾದರೆ ಸೆನ್ಸರಿನ ಬೆಳಕಿನ ಸೂಕ್ಷ್ಮತೆ, ಅಂದರೆ ಐಎಸ್‌ಒ ಏರಿಸಿ. ಗುಡಿಯೊಳಗಿನಂಥ ಕಡೆ ಹಳೆಯ ಲೆನ್ಸಿನ ಬಲ ಕಾಣುವುದೂ ಹೀಗೆಯೇ. ಕ್ಯಾಮೆರಾದೊಡನೆ ಬರುವ ಕಿಟ್ ಲೆನ್ಸು 50 ಮಿ.ಮೀ. ಹತ್ತಿರ ಎಫ್ 5.6ರಷ್ಟೇ ತೆರೆದರೆ, ಎಫ್ 1.4ರ ಹಳೆಯ ಲೆನ್ಸು ಅದರ 16 ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ.

ಚಲಿಸುವ ಗುಂಪಿನ ನಡುವೆ, ಉದಾಹರಣೆಗೆ ಜಂಬೂಸವಾರಿಯ ದಿನ ಸಯ್ಯಾಜಿರಾವ್ ರಸ್ತೆಯ ಬದಿಯಲ್ಲಿ ನಿಂತಾಗ, ಒಂದೊಂದು ಚಿತ್ರಕ್ಕೂ ಫೋಕಸ್ ಮಾಡುತ್ತ ಕೂರಲಾಗದು. ಆಗ ಲೆನ್ಸಿನ ಮೇಲೆ ಕೆತ್ತಿರುವ ದೂರದ ಅಂಕಿಗಳು ಸಹಾಯಕ್ಕೆ ಬರುತ್ತವೆ. ಫುಲ್‌ಫ್ರೇಮ್ (35 ಮಿ.ಮೀ. ಫಿಲ್ಮಿನಷ್ಟೇ ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 28 ಮಿ.ಮೀ. ಲೆನ್ಸನ್ನು ಎಫ್ 8ಕ್ಕಿಟ್ಟು ಫೋಕಸ್ಸನ್ನು 3.3 ಮೀಟರಿಗೆ ನಿಲ್ಲಿಸಿದರೆ ಸುಮಾರು 1.7 ಮೀಟರಿನಿಂದ ಹಿಡಿದು ಕಣ್ಣು ಹಾಯುವವರೆಗೂ ಎಲ್ಲವೂ ಸ್ಪಷ್ಟವಾಗಿರುತ್ತದೆ. 35 ಮಿ.ಮೀ. ಲೆನ್ಸಿಗೆ ಅದೇ ಎಫ್ 8ರಲ್ಲಿ 5 ಮೀಟರ್ ದಾಟಿ ಇಡಬೇಕು, ಆಗ ಎರಡೂವರೆ ಮೀಟರಿನಿಂದಾಚೆ ಸ್ಪಷ್ಟ. ಇಷ್ಟು ಮಾಡಿಟ್ಟುಕೊಂಡರೆ ಫೋಕಸ್ಸನ್ನು ಮರೆತು ಜನರ ಮುಖಗಳನ್ನು ನೋಡಬಹುದು. ಯಾವ ಆಟೋಫೋಕಸ್ಸೂ ಇದಕ್ಕಿಂತ ಬೇಗ ಕೆಲಸ ಮಾಡಲಾರದು, ಏಕೆಂದರೆ ಇಲ್ಲಿ ಮಾಡುವ ಕೆಲಸವೇ ಉಳಿದಿಲ್ಲ. ಲೆನ್ಸಿನ ಮೇಲಿನ ಆಳದ ಗುರುತುಗಳು 35 ಮಿ.ಮೀ. ಫಿಲ್ಮಿನ ಲೆಕ್ಕದವು. ಅದಕ್ಕಿಂತ ಚಿಕ್ಕದಾದ ಎಪಿಎಸ್-ಸಿ ಸೆನ್ಸರಿನವರು ಎಫ್ 8ರಲ್ಲಿ ತೆಗೆಯುವಾಗ 5.6ರ ಗುರುತುಗಳನ್ನು ಅನುಸರಿಸಬೇಕು.

ಪ್ರಶ್ನೆ: ಅಜ್ಜನ ಕಾಲದ ಲೆನ್ಸಿನೊಳಗೆ ಜೇಡರ ಬಲೆಯಂಥ ಎಳೆಗಳು ಕಾಣುತ್ತಿವೆ, ಗಾಜು ಹಳದಿ ಬಣ್ಣಕ್ಕೂ ತಿರುಗಿದೆ. ಇದನ್ನು ಉಳಿಸಿಕೊಳ್ಳಬಹುದೇ? ಹಳೆಯ ಲೆನ್ಸು ಕೊಳ್ಳುವಾಗ ಏನೇನು ನೋಡಬೇಕು?
— ಕೃಷ್ಣರಾಜಪೇಟೆ

ಉತ್ತರ: ಎಳೆಗಳು ಫಂಗಸ್, ಅಂದರೆ ಬೂಷ್ಟು. ಹಳದಿ ಬಣ್ಣ ಬೇರೆಯದೇ ಕಥೆ, ಎರಡಕ್ಕೂ ಸಂಬಂಧವಿಲ್ಲ.

ಬೂಷ್ಟಿನ ಬೀಜಕಣಗಳು ಗಾಳಿಯಲ್ಲಿ ಎಲ್ಲೆಡೆಯೂ ಇರುತ್ತವೆ, ಅವುಗಳಿಂದ ತಪ್ಪಿಸಿಕೊಳ್ಳಲಾಗದು. ಅವು ಮೊಳೆತು ಹಬ್ಬಲು ಬೇಕಾದದ್ದು ತೇವ, ಕತ್ತಲು ಮತ್ತು ಗಾಳಿಯಾಡದ ಜಾಗ. ಜೂನಿನಿಂದ ಮುಂಗಾರು, ಅದು ಮುಗಿಯುತ್ತಿದ್ದಂತೆ ಹಿಂಗಾರು ಎಂದು ನಮ್ಮ ಕಡೆ ವರ್ಷದ ಬಹುಭಾಗ ತೇವವೇ. ಅದರಲ್ಲೂ ಲೆನ್ಸಿನೊಡನೆ ಬಂದ ಚರ್ಮದ ಚೀಲದಲ್ಲಿಟ್ಟು ಗೋಡೆಬೀರುವಿನೊಳಗೆ ಮುಚ್ಚಿಟ್ಟರೆ ಬೂಷ್ಟಿಗೆ ಆಹ್ವಾನ ಕೊಟ್ಟಂತೆಯೇ, ಏಕೆಂದರೆ ಚರ್ಮ ತೇವವನ್ನು ಹಿಡಿದಿಡುತ್ತದೆ. ಬೆಳೆದ ಬೂಷ್ಟು ಆಮ್ಲವನ್ನು ಸ್ರವಿಸಿ ಗಾಜಿನ ಲೇಪನವನ್ನೂ ಕ್ರಮೇಣ ಗಾಜನ್ನೂ ಕೊರೆಯುತ್ತದೆ. ಎಳೆಗಳು ತೆಳುವಾಗಿದ್ದರೆ ಲೆನ್ಸು ಬಿಚ್ಚಿ ಶುಚಿ ಮಾಡಬಲ್ಲ ನುರಿತ ರಿಪೇರಿಯವರಿಗೆ ಬೇಗ ಕೊಡಿ. ಶುಚಿ ಮಾಡಿದ ಮೇಲೂ ಗುರುತು ಉಳಿದರೆ ಲೇಪನ ಹೋಗಿದೆ ಎಂದರ್ಥ, ಆಗಲೂ ಲೆನ್ಸು ಬಳಕೆಗೆ ಬರುತ್ತದೆ, ಎದುರುಬೆಳಕಿನಲ್ಲಿ ಮಾತ್ರ ಸ್ವಲ್ಪ ಮಂಕಾಗುತ್ತದೆ. ನೀವೇ ಬಿಚ್ಚಲು ಹೋಗಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಫೋಕಸ್ಸಿನ ಮರೆಗೆ ಹಲವು ಪ್ರಾರಂಭಬಿಂದುಗಳಿರುತ್ತವೆ. ಎಲ್ಲಿ ಬಿಟ್ಟುಕೊಂಡಿತೆಂದು ಗುರುತು ಮಾಡಿಕೊಳ್ಳದೆ ಬಿಚ್ಚಿದರೆ ಮತ್ತೆ ಜೋಡಿಸಿದಾಗ ದೂರದ ಬೆಟ್ಟ ಎಂದಿಗೂ ಸ್ಪಷ್ಟವಾಗುವುದಿಲ್ಲ.

ಮುಂದೆ ಕಾಪಾಡಲು ದುಬಾರಿ ಡ್ರೈ ಕ್ಯಾಬಿನೆಟ್ಟೇ ಬೇಕೆಂದಿಲ್ಲ. ಗಾಳಿ ನುಗ್ಗದ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿ, ಬಣ್ಣ ಬದಲಿಸುವ ಸಿಲಿಕಾ ಜೆಲ್ ಮತ್ತು ಒಂದು ಪುಟ್ಟ ತೇವಮಾಪಕ ಸಾಕು. ತೇವಾಂಶ ಶೇ. 40ರಿಂದ 50ರ ನಡುವೆ ಇರಲಿ. ಅತಿಯಾಗಿ ಒಣಗಿಸಿದರೆ ಒಳಗಿನ ಗ್ರೀಸು ಗಟ್ಟಿಯಾಗುವ ಭಯವಿದೆ. ಎಲ್ಲಕ್ಕಿಂತ ಒಳ್ಳೆಯ ಉಪಾಯವೆಂದರೆ ಲೆನ್ಸನ್ನು ಆಗಾಗ ಹೊರತೆಗೆದು ಬಳಸುವುದು.

ಹಳದಿ ಬಣ್ಣದ ವಿಷಯಕ್ಕೆ ಬಂದರೆ, 1960 ಮತ್ತು 70ರ ದಶಕದ ಕೆಲವು ಲೆನ್ಸುಗಳಲ್ಲಿ, ಅದರಲ್ಲೂ ಟಾಕುಮಾರ್ 50 ಮಿ.ಮೀ. ಎಫ್ 1.4ರ ಏಳು ಗಾಜುಗಳ ಮಾದರಿಯಲ್ಲಿ, ಬೆಳಕನ್ನು ಹೆಚ್ಚು ಬಾಗಿಸುವ ಸಲುವಾಗಿ ಗಾಜಿಗೆ ಥೋರಿಯಂ ಬೆರೆಸುತ್ತಿದ್ದರು. ಥೋರಿಯಂ ವಿಕಿರಣಶೀಲ; ಅದರ ವಿಕಿರಣವೇ ದಶಕಗಳಲ್ಲಿ ಗಾಜನ್ನು ಹಳದಿಗಟ್ಟಿಸುತ್ತದೆ. ಕ್ಯಾಮೆರಾಕ್ಕೆ ಹಾಕಿ ಬಳಸುವುದರಿಂದ ತಗಲುವ ಪ್ರಮಾಣ ಬಹಳ ಅಲ್ಪವಾದದ್ದು, ಹೆದರಬೇಕಿಲ್ಲ. ಆದರೆ ಗಾಜನ್ನು ಉಜ್ಜುವುದು, ಪುಡಿ ಮಾಡುವುದು, ಕಣ್ಣಿಗೆ ಒತ್ತಿಕೊಂಡು ಮಸೂರದಂತೆ ನೋಡುವುದು ಸಲ್ಲದು. ನೇರಳಾತೀತ ಕಿರಣ ಬಿದ್ದರೆ ಈ ಹಳದಿ ಕಳೆಯುತ್ತದೆ. ನೇರಳಾತೀತ ಎಲ್‌ಇಡಿ ದೀಪದ ಕೆಳಗೆ ಕೆಲವು ದಿನ ಇಟ್ಟರೆ ಗಾಜು ತಿಳಿಯಾಗುತ್ತ ಬರುತ್ತದೆ. ಬಿಸಿಲಿನಲ್ಲಿಡುವವರೂ ಇದ್ದಾರೆ, ಹಾಗೆ ಮಾಡಿದರೆ ಒಂದು ಬದಿಯನ್ನು ಲೋಹದ ಹಾಳೆಯಿಂದ ಮುಚ್ಚಿ, ಅಕ್ಕಪಕ್ಕ ಬಟ್ಟೆ ಕಾಗದಗಳಿಲ್ಲದಂತೆ ನೋಡಿಕೊಳ್ಳಿ, ಲೆನ್ಸು ಬಿಸಿಲನ್ನು ಒಂದೆಡೆ ಸೇರಿಸಿ ಬೆಂಕಿ ಹಚ್ಚಬಲ್ಲದು.

ಕೊಳ್ಳುವಾಗ ಮೊಬೈಲಿನ ಟಾರ್ಚು ಸಾಕು. ಅಪರ್ಚರನ್ನು ಪೂರ್ತಿ ತೆರೆದು ಹಿಂದಿನಿಂದ ಓರೆಯಾಗಿ ಬೆಳಕು ಹಾಯಿಸಿ ಮುಂದಿನಿಂದ ನೋಡಿ. ಧೂಳಿನ ಕಣಗಳು ಕಂಡರೆ ತಲೆ ಕೆಡಿಸಿಕೊಳ್ಳಬೇಡಿ, ಚಿತ್ರದಲ್ಲಿ ಅವು ಕಾಣಿಸುವುದಿಲ್ಲ. ಮಂಜು ಮುಸುಕಿದಂಥ ಪೊರೆಯಿದ್ದರೆ ಬಿಟ್ಟುಬಿಡಿ. ಮುಂದಿನ ಗಾಜಿನ ಸಣ್ಣ ಗೀರಿಗಿಂತ ಹಿಂದಿನ ಗಾಜಿನ ಗೀರು ಹೆಚ್ಚು ಕೆಟ್ಟದ್ದು. ಅಪರ್ಚರಿನ ಎಲೆಗಳ ಮೇಲೆ ಎಣ್ಣೆ ಮಿನುಗುತ್ತಿದ್ದರೆ ಹೀಲಿಯೋಸ್ 44-2ರಂತೆ ಕೈಯಿಂದ ತಿರುಗಿಸುವ ಲೆನ್ಸುಗಳಲ್ಲಿ ಅಷ್ಟು ತೊಂದರೆಯಿಲ್ಲ. ಸ್ಪ್ರಿಂಗಿನಿಂದ ಮುಚ್ಚಿಕೊಳ್ಳುವ ಲೆನ್ಸುಗಳಲ್ಲಿ ಮಾತ್ರ ಎಲೆಗಳು ಅಂಟಿಕೊಂಡು ನಿಧಾನವಾಗುತ್ತವೆ. ಕೊನೆಯದಾಗಿ ಫೋಕಸ್ ರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ: ಎಲ್ಲಿಯೂ ಸಿಕ್ಕಿಕೊಳ್ಳದೆ, ಸಡಿಲವಾಗಿ ಅಲ್ಲಾಡದೆ, ಒಂದೇ ಬಿಗಿಯಲ್ಲಿ ಸಾಗಬೇಕು. ಗಾಜು ಎಷ್ಟೇ ಹೊಳೆಯುತ್ತಿರಲಿ, ರಿಂಗು ಕಲ್ಲಿನಂತಾಗಿದ್ದರೆ ಆ ಲೆನ್ಸಿನಿಂದ ಸಂತೋಷ ಸಿಗದು.

ಪ್ರಶ್ನೆ: ಮೊದಲ ಹಳೆಯ ಲೆನ್ಸಾಗಿ ಯಾವುದನ್ನು ಕೊಳ್ಳಲಿ?
— ಪಾಂಡವಪುರ

ಉತ್ತರ: ಜಪಾನಿನ ಯಾವುದಾದರೂ ಹೆಸರಾಂತ ಕಂಪನಿಯ 50 ಮಿ.ಮೀ., ಎಫ್ 1.7, 1.8 ಅಥವಾ 2. ಎಫ್ 1.4ಕ್ಕೆ ಹೆಚ್ಚು ಹಣ ಕೊಡಬೇಡಿ, ಜೂಮ್ ಬೇಡ. ಈ ಲೆನ್ಸುಗಳು ಫಿಲ್ಮ್ ಕ್ಯಾಮೆರಾಗಳ ಜೊತೆಗೇ ಬರುತ್ತಿದ್ದುದರಿಂದ ಧಾರಾಳವಾಗಿ ಉಳಿದಿವೆ, ಅಗ್ಗವಾಗಿಯೂ ಇವೆ. ಒಂದನ್ನು ಕೊಂಡ ಮೇಲೆ ವರ್ಷವಿಡೀ ಎರಡನೆಯದರ ಬಗ್ಗೆ ಯೋಚಿಸಬೇಡಿ. ಈ ಹವ್ಯಾಸದಲ್ಲಿ ಹಾಳಾಗುವವರು ಲೆನ್ಸು ಸಂಗ್ರಹಿಸುವುದನ್ನೇ ಛಾಯಾಗ್ರಹಣವೆಂದು ತಿಳಿದವರು.

ಪ್ರಶ್ನೆ: ಭಾನುವಾರ ಸಂಜೆ ಅರಮನೆಯ ದೀಪಾಲಂಕಾರವನ್ನು ಹಳೆಯ ಲೆನ್ಸಿನಲ್ಲಿ ತೆಗೆದಾಗ ಚಿತ್ರದ ತುಂಬ ಬಣ್ಣದ ಕಲೆಗಳು, ಮಬ್ಬು. ಲೆನ್ಸು ಕೆಟ್ಟಿದೆಯೇ?
— ಅಗ್ರಹಾರ, ಮೈಸೂರು

ಉತ್ತರ: ಕೆಟ್ಟಿಲ್ಲ. ಗಾಜಿನ ಪ್ರತಿ ಮೇಲ್ಮೈಯೂ ಬೆಳಕಿನ ಒಂದು ಪಾಲನ್ನು ಹಿಂದಕ್ಕೆ ಪ್ರತಿಫಲಿಸುತ್ತದೆ. ಅದನ್ನು ತಗ್ಗಿಸುವ ಲೇಪನವನ್ನು 1935ರಲ್ಲಿ ಜೈಸ್ ಸಂಸ್ಥೆಯ ಅಲೆಕ್ಸಾಂಡರ್ ಸ್ಮಾಕುಲಾ ರೂಪಿಸಿದರು. ಆದರೆ ಹಲವು ಪದರಗಳ ಲೇಪನ ಸಾಮಾನ್ಯವಾದದ್ದು 1970ರ ದಶಕದಲ್ಲಿ, ಅದಕ್ಕೂ ಹಿಂದಿನ ಲೆನ್ಸುಗಳಲ್ಲಿ ಇರುವುದು ಒಂದೇ ಪದರ. ಸುಮಾರು ಒಂದು ಲಕ್ಷ ಬಲ್ಬುಗಳು ಒಮ್ಮೆಗೇ ಹೊತ್ತಿಕೊಳ್ಳುವ ಅರಮನೆಯ ಎದುರು ಅಂಥ ಲೆನ್ಸು ತಬ್ಬಿಬ್ಬಾಗುವುದು ಸಹಜ. ಡಿಜಿಟಲ್ ಸೆನ್ಸರಿನ ಹೊಳಪು ಮೈ ಕೂಡ ಬೆಳಕನ್ನು ಲೆನ್ಸಿನ ಹಿಂಗಾಜಿಗೆ ಮರಳಿಸುವುದರಿಂದ ಫಿಲ್ಮಿನಲ್ಲಿ ಕಾಣದಿದ್ದ ಕಲೆಗಳೂ ಕಾಣಿಸಿಕೊಳ್ಳುತ್ತವೆ.

ಮುಂದಿನ ಗಾಜಿಗೆ ಹಾಕಿರುವ ಯುವಿ ಫಿಲ್ಟರನ್ನು ಮೊದಲು ತೆಗೆಯಿರಿ, ಅರ್ಧ ಕಲೆಗಳು ಅಲ್ಲಿಗೇ ಹೋಗುತ್ತವೆ. ಬದಿಯ ಬೆಳಕನ್ನು ತಡೆಯಲು ಲೆನ್ಸಿನ ಮುಂದೆ ಹುಡ್ ಹಾಕಿ. ಟ್ರೈಪಾಡ್ ಬಳಸುವ ಅವಕಾಶವಿದ್ದರೆ ಎಫ್ 8ಕ್ಕೆ ತನ್ನಿ. ಆಗ ಪ್ರತಿ ಬಲ್ಬಿನ ಸುತ್ತ ಕಿರಣಗಳು ಮೂಡುತ್ತವೆ: ಅಪರ್ಚರಿನಲ್ಲಿ ಆರು ಎಲೆಗಳಿದ್ದರೆ ಆರು ಕಿರಣ, ಎಲೆಗಳ ಸಂಖ್ಯೆ ಬೆಸವಾಗಿದ್ದರೆ ಅದರ ಎರಡರಷ್ಟು. ದೀಪ ಹಾಕಿದ ಕ್ಷಣದಲ್ಲಿ ಆಕಾಶದಲ್ಲಿ ಇನ್ನೂ ನೀಲಿ ಉಳಿದಿದ್ದರೆ ಅದೇ ಒಳ್ಳೆಯ ಹೊತ್ತು, ಪೂರ್ತಿ ಕತ್ತಲಾದ ಮೇಲೆ ಬಲ್ಬುಗಳ ಹೊಳಪು ಮತ್ತು ಆಕಾಶದ ನಡುವಣ ಅಂತರ ಅತಿಯಾಗಿ ಮಬ್ಬು ಇನ್ನಷ್ಟು ಎದ್ದು ಕಾಣುತ್ತದೆ.

ಪ್ರಶ್ನೆ: ಹೀಲಿಯೋಸ್ 44-2ರಲ್ಲಿ ಹಿನ್ನೆಲೆ ಸುಳಿಯಂತೆ ತಿರುಗುತ್ತದೆ ಎಂದು ಕೇಳಿ ಕೊಂಡೆ. ನನ್ನ ಚಿತ್ರಗಳಲ್ಲಿ ಅದು ಬರುತ್ತಿಲ್ಲ.
— ಶ್ರೀರಂಗಪಟ್ಟಣ

ಉತ್ತರ: ಸುಳಿ ಹುಟ್ಟುವುದು ಚಿತ್ರದ ಅಂಚುಗಳಲ್ಲಿ. ಓರೆಯಾಗಿ ಬರುವ ಬೆಳಕನ್ನು ಲೆನ್ಸಿನ ಕೊಳವೆಯ ಅಂಚು ಸ್ವಲ್ಪ ಕತ್ತರಿಸುವುದರಿಂದ ನಡುವೆ ದುಂಡಗಿರುವ ಬೆಳಕಿನ ಬಿಲ್ಲೆಗಳು ಅಂಚಿಗೆ ಹೋದಂತೆ ಬೆಕ್ಕಿನ ಕಣ್ಣಿನ ಪಾಪೆಯಂತೆ ಕಿರಿದಾಗಿ ನಡುವಿನ ಸುತ್ತ ಸಾಲುಗಟ್ಟುತ್ತವೆ. ನೀವು ಎಪಿಎಸ್-ಸಿ ಕ್ಯಾಮೆರಾ ಬಳಸುತ್ತಿದ್ದರೆ ಸೆನ್ಸರು ಆ ಅಂಚುಗಳನ್ನೇ ಕತ್ತರಿಸಿಬಿಡುತ್ತದೆ, ಅದರಲ್ಲಿ 58 ಮಿ.ಮೀ. ಲೆನ್ಸು ಸುಮಾರು 87 ಮಿ.ಮೀ.ನಷ್ಟು ಕಿರಿದಾದ ನೋಟವನ್ನು ಕೊಡುತ್ತದೆ. ಫುಲ್‌ಫ್ರೇಮಿನಲ್ಲಿ ಸುಳಿ ಪೂರ್ತಿಯಾಗಿ ಸಿಗುತ್ತದೆ.

ಅಪರ್ಚರ್ ಎಫ್ 2ರಲ್ಲೇ ಇರಬೇಕು. 4ಕ್ಕೆ ತಂದರೆ ಸುಳಿ ಹೆಚ್ಚುಕಡಿಮೆ ಮಾಯವಾಗುತ್ತದೆ. ನಿಲ್ಲುವ ವ್ಯಕ್ತಿ ಒಂದೂವರೆಯಿಂದ ಎರಡು ಮೀಟರ್ ದೂರದಲ್ಲಿರಲಿ, ಹಿನ್ನೆಲೆ ಅವರಿಗಿಂತ ಇನ್ನೂ ಆರೇಳು ಮೀಟರ್ ಹಿಂದಿರಲಿ. ಹಿನ್ನೆಲೆಯಲ್ಲಿ ಬರಿಯ ಗೋಡೆಯೋ ಆಕಾಶವೋ ಇದ್ದರೆ ತಿರುಗಲು ಏನೂ ಇರುವುದಿಲ್ಲ. ಎಲೆಗಳ ಸಂದಿಯಿಂದ ಬೆಳಕು ತುಣುಕು ತುಣುಕಾಗಿ ತೂರಿಬರುವ ಮರಗಳು ಬೇಕು. ನಿಮ್ಮಲ್ಲೇ ಕಾವೇರಿಯ ದಂಡೆಯ ಮೇಲಿನ ಮರಗಳಿವೆ. ಬೆಳಿಗ್ಗೆ ಎಂಟು ಗಂಟೆಯೊಳಗೆ ಸೂರ್ಯ ಮರಗಳ ಹಿಂದೆ ಇರುವಂತೆ ನಿಂತು ತೆಗೆಯಿರಿ. ತೋಟದ ತೆಂಗಿನ ಗರಿಗಳು ಉದ್ದುದ್ದವಾದ್ದರಿಂದ ಅಷ್ಟು ಚೆನ್ನಾಗಿ ಬರುವುದಿಲ್ಲ, ಹೊಂಗೆ ಮತ್ತು ಹುಣಸೆಯ ಸಣ್ಣ ಎಲೆಗಳು ಉತ್ತಮ. ಮುಖವನ್ನು ಚಿತ್ರದ ನಡುಭಾಗದಲ್ಲೇ ಇಡಿ, ಏಕೆಂದರೆ ಎಫ್ 2ರಲ್ಲಿ ಈ ಲೆನ್ಸಿನ ಸ್ಪಷ್ಟತೆಯೂ ಅಲ್ಲಿಯೇ ಹೆಚ್ಚು.